ಮಾಳಿಗೆಯ ಬಾಡಿಗೆದಾರರು

ಬಾಡಿಗೆದಾರರ ಸುಖದುಃಖಗಳನ್ನು ಕುರಿತು ಬರೆದವರು ಬಹಳ ಮಂದಿ. ನಲ್ಲಿಯ ನೀರಿಗಾಗಿ, ದೀಪದ ಬಿಲ್ಲಿಗಾಗಿ, ಗೋಡೆಗೆ ಹೊಡೆದ ಒಂದು ಮೊಳೆಗಾಗಿ ಮನೆಯ ಒಡೆಯನಿಗೂ ಬಾಡಿಗೆದಾರನಿಗೂ ನಡೆಯುವ ಮಹಾಯುದ್ಧಗಳನ್ನು ಓದಿ ನಾವೆಲ್ಲ ನಕ್ಕಿದ್ದೇವೆ. ಆದರೆ ನಾನು ಹೇಳಹೊರಟ ಬಾಡಿಗೆದಾರರ ಕುಲವೇ ಬೇರೆ. ಇವರು ಕರಾರುಪತ್ರ ಬರೆದುಕೊಟ್ಟವರಲ್ಲ, ಮುಂಗಡ ಹಣ ಎಣಿಸಿದವರಲ್ಲ. ನನ್ನ ಅಜ್ಜ ಮನೆ ಕಟ್ಟಿಸಿ ಹಾಲುಕ್ಕಿಸಿದ ವರ್ಷವೇ ಹೇಳದೆ ಕೇಳದೆ ಬಂದು ನೆಲಸಿದವರು. ಮೂರು ತಲೆಮಾರು ಒಂದು ದಮ್ಮಡಿ ಕೊಡದೆ ಕಾಲ ಹಾಕಿದವರು. ಕೊನೆಗೆ ಅವರನ್ನು ಒಕ್ಕಲೆಬ್ಬಿಸಿದವನು ನಾನು. ಆ ವ್ಯಾಜ್ಯದಲ್ಲಿ ಗೆದ್ದವನೂ ನಾನೇ. ಗೆದ್ದ ಮೇಲೆ ಮೂರು ವರ್ಷ ಪಟ್ಟ ಪಾಡನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಬರಹ.

ನಮ್ಮೂರು ಗೋಕಾಕ. ಗೋಕಾಕವೆಂದೊಡನೆ ದೂರದವರಿಗೆ ನೆನಪಾಗುವುದು ಮೂರು ಸಂಗತಿಗಳು: ಜಲಪಾತ, ಕರದಂಟು ಮತ್ತು ಬಣ್ಣದ ಕಟ್ಟಿಗೆಯ ಗೊಂಬೆ. ಆಗಸ್ಟ್ ತಿಂಗಳಲ್ಲಿ ಬರುವ ನೆಂಟರು ಘಟಪ್ರಭೆಯು ಸುಮಾರು 170 ಅಡಿ ಎತ್ತರದಿಂದ ಕೆಂಪು ನೀರಾಗಿ ಧುಮುಕುವುದನ್ನು ತೂಗುಸೇತುವೆಯ ಮೇಲೆ ನಿಂತು ನೋಡಿ, ಕರದಂಟಿನ ಪೊಟ್ಟಣ ಕಟ್ಟಿಕೊಂಡು, "ನಿಮ್ಮದು ಪುಣ್ಯದ ನಾಡು, ನೀರಿಗೆ ಬರವಿಲ್ಲ" ಎಂದು ಹೊಗಳಿ ಹೋಗುತ್ತಾರೆ. ಅವರು ಏಪ್ರಿಲ್ ತಿಂಗಳಲ್ಲಿ ಬರಬೇಕು. ಜಲಪಾತವಿದ್ದಲ್ಲಿ ಬರಿಯ ಬಂಡೆ ಸುಡುತ್ತಿರುತ್ತದೆ. ಹೊಳೆಯಲ್ಲಿ ಹರಿಯುವ ನೀರು ನಮ್ಮ ಮಳೆಯದಲ್ಲ, ಸಹ್ಯಾದ್ರಿಯ ಮಳೆಯದು. ಮುಂಗಾರಿನ ಮೋಡಗಳು ತಮ್ಮ ಬುತ್ತಿಯನ್ನೆಲ್ಲ ಘಟ್ಟದ ಮೇಲೆಯೇ ಬಿಚ್ಚಿ ಉಂಡು, ಬರಿಗೈಯಲ್ಲಿ ನಮ್ಮ ತಲೆಯ ಮೇಲೆ ಹಾದುಹೋಗುತ್ತವೆ. ಭೂಗೋಳದ ಅಧ್ಯಾಪಕರು ಇದನ್ನು ಮಳೆನೆರಳಿನ ಸೀಮೆ ಎನ್ನುತ್ತಾರೆ. ನೆರಳೆಂಬ ಮಾತು ಇಷ್ಟು ಕ್ರೂರವಾದ ಅರ್ಥದಲ್ಲಿ ಬೇರೆಲ್ಲಿಯೂ ಬಳಕೆಯಾದಂತಿಲ್ಲ. ನಮ್ಮದು ಮರುಭೂಮಿಯಲ್ಲ ನಿಜ; ಆದರೆ ಅದರ ದೂರದ ನೆಂಟನೆಂದು ಹೇಳಿಕೊಳ್ಳಲು ಜಾಲಿ, ಕಳ್ಳಿ, ಬೋಳುಗುಡ್ಡಗಳ ಸಾಕ್ಷ್ಯ ಬೇಕಾದಷ್ಟಿದೆ.

ಇಂಥ ಬಿಸಿಲಿಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರವೆಂದರೆ ಮಣ್ಣಿನ ಮಾಳಿಗೆ. ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಒತ್ತೊತ್ತಾಗಿ ಜೋಡಿಸಿದ ಕಟ್ಟಿಗೆಯ ತುಂಡುಗಳು, ಅವುಗಳ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಮೊಳದಷ್ಟು ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಹೊದಿಕೆ. ಸವಳಿನಲ್ಲಿ ಹುಲ್ಲು ಹುಟ್ಟದು. ನೆನೆದರೆ ಬಿಗಿದುಕೊಂಡು ನೀರನ್ನು ಕೆಳಗಿಳಿಯಗೊಡದು. ಹೊರಗಿನ ಬಿಸಿಲು ಇಷ್ಟು ಮಣ್ಣನ್ನು ದಾಟಿ ಒಳಗೆ ಬರಲು ಗಂಟೆಗಟ್ಟಲೆ ಹೆಣಗಬೇಕು. ಅದು ಒಳಗೆ ಕಾಲಿಡುವ ಹೊತ್ತಿಗೆ ಹೊರಗೆ ರಾತ್ರಿಯ ತಂಗಾಳಿ ಬೀಸತೊಡಗಿರುತ್ತದೆ. ಬಂದ ಶಾಖ ಬಂದ ದಾರಿಗೇ ಸುಂಕವಿಲ್ಲದೆ ಹಿಂದಿರುಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಓಣಿಯಿಂದ ಪಡಸಾಲೆಗೆ ಕಾಲಿಟ್ಟರೆ ಗುಡಿಯ ಗರ್ಭಗೃಹವನ್ನು ಹೊಕ್ಕಂತಾಗುತ್ತಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಒಂದೇ ಒಂದು ಬಿಸಿಲುಕೋಲು ಇಳಿದು, ಗಡಿಯಾರದ ಮುಳ್ಳಿನಂತೆ ನೆಲದ ಮೇಲೆ ಸರಿಯುತ್ತಿತ್ತು. ಅದು ಒರಳಿನ ಬಳಿಗೆ ಬಂದಾಗ ಅವ್ವ ಒಲೆ ಹೊತ್ತಿಸುತ್ತಿದ್ದಳು.

ಇಂಥ ಮನೆಯನ್ನು ಮನುಷ್ಯರೊಬ್ಬರೇ ಅನುಭವಿಸಬೇಕೆಂದು ಎಲ್ಲಿಯೂ ಬರೆದಿಲ್ಲವಷ್ಟೆ. ಜಂತಿಯ ಸಂದುಗಳಲ್ಲಿ ಗುಬ್ಬಿಗಳಿದ್ದವು. ಎಷ್ಟು ಸಂಸಾರವೆಂದು ಎಣಿಸಿದವರಿಲ್ಲ. ಗೋಡೆಯ ಮೇಲೆ ಹಲ್ಲಿಗಳು. ಹಿತ್ತಲ ಬೇವಿನ ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿ. ಕೊಟ್ಟಿಗೆಯ ಹಿಂದಿನ ಕಲ್ಲುರಾಶಿಯಲ್ಲಿ ಮುಂಗುಸಿಯ ಮನೆತನ. ಹಳೆಯ ಕಟ್ಟಿಗೆಯ ಅಡಿಯಲ್ಲಿ ಚೇಳುಗಳು. ಇವುಗಳ ಪರವಾಗಿ ವಾದಿಸುವ ಧೈರ್ಯ ನನಗೆ ಇಂದಿಗೂ ಇಲ್ಲ. ಇವೆಲ್ಲವುಗಳ ಮೇಲೆ ಮೇಲ್ವಿಚಾರಕನೆಂದು ತನ್ನನ್ನು ತಾನೇ ನೇಮಿಸಿಕೊಂಡವನು ರಾಜಾ ಎಂಬ ನಾಯಿ. ಅವನ ಸಣ್ಣ ನಡು, ಉದ್ದ ಮೋರೆಗಳನ್ನು ನೋಡಿದವರು ಮುಧೋಳದ ರಕ್ತವೆನ್ನುತ್ತಿದ್ದರು. ಮುಧೋಳ ನಮಗೆ ದೂರವೇನಲ್ಲ. ಅಲ್ಲಿಯ ಬೇಟೆನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆತದ್ದೂ ನಿಜ. ಆದರೆ ನಮ್ಮ ರಾಜಾನ ವಂಶವೃಕ್ಷದಲ್ಲಿ ಮುಧೋಳದ ಕೊಂಬೆ ಒಂದೇ ಇದ್ದು, ಉಳಿದೆಲ್ಲ ಗೋಕಾಕದ ಸಂತೆಪೇಟೆಯ ಕೊಂಬೆಗಳೇ ಇರಬೇಕು. ಮೊಲದ ಹಿಂದೆ ಬಾಣದಂತೆ ಓಡಬೇಕಾದವನು ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿದಾಗ ಮಾತ್ರ ಓಡುತ್ತಿದ್ದ.

ಈ ಸಂಸಾರಕ್ಕೆಲ್ಲ ಯಜಮಾನಿ ಅವ್ವ. ಬೆಳಗಾಗೆದ್ದು ಹಿತ್ತಲ ಕಲ್ಲಿನ ಬಾನಿಗೆ ಎರಡು ಕೊಡ ನೀರು ಸುರಿಯುವುದು ಅವಳ ಮೊದಲ ಪೂಜೆ. ಸುಗ್ಗಿಯಲ್ಲಿ ಹೊಲದಿಂದ ಬಂದ ಜೋಳದ ತೆನೆಗಳಲ್ಲಿ ಒಂದು ಕಟ್ಟನ್ನು ತಲಬಾಗಿಲ ಮೇಲೆ ಗುಬ್ಬಿಗಳಿಗೆಂದು ತೂಗುಹಾಕುವುದು ಅವಳು ಅತ್ತೆಯಿಂದ ಪಡೆದ ಪದ್ಧತಿ. ನಾನು ಪಡಸಾಲೆಯಲ್ಲಿ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುವಾಗ ಮೇಲಿನಿಂದ ಗುಬ್ಬಿಯ ಹಿಕ್ಕೆ ಒಂದಲ್ಲ ಒಂದು ಹಾಳೆಯ ಮೇಲೆ ಬಿದ್ದೇ ತೀರುತ್ತಿತ್ತು. ನಾನು ರೇಗಿದರೆ ಅವ್ವ ಒಳಗಿನಿಂದ ನಗುತ್ತಿದ್ದಳು:

"ಬಾಡಿಗಿ ಕೊಟ್ಟಾವ ತಗೋ ತಮ್ಮಾ. ವಜಾ ಮಾಡ್ಕೋ."

ನನಗೆ ನಗು ಬರುತ್ತಿರಲಿಲ್ಲ. ಕಾಲೇಜಿನ ಅಧ್ಯಾಪಕನೆಂಬ ಹುದ್ದೆಗೆ ಮಣ್ಣು ಉದುರುವ ಮಾಳಿಗೆ ಹೊಂದುವುದಿಲ್ಲವೆಂಬ ಹುಳು ಎಂದೋ ತಲೆಯನ್ನು ಹೊಕ್ಕಿತ್ತು. ಸಹೋದ್ಯೋಗಿಗಳ ಮನೆಗಳಿಗೆಲ್ಲ ಸ್ಲ್ಯಾಬು ಬಿದ್ದಿದ್ದವು. ಅವರ ಮನೆಯಲ್ಲಿ ಚಹಾ ಕುಡಿಯುವಾಗ ಕಪ್ಪಿನ ಮೇಲೆ ಅಂಗೈ ಮುಚ್ಚಿಕೊಳ್ಳಬೇಕಾದ ಪ್ರಮೇಯವಿರಲಿಲ್ಲ. ವರ್ಷವರ್ಷವೂ ಮೃಗಶಿರ ಮಳೆಗೆ ಮುನ್ನ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿಸಬೇಕು. ಆ ಕೆಲಸ ಬಲ್ಲ ಆಳುಗಳು ವರ್ಷವರ್ಷವೂ ಕಡಿಮೆಯಾಗುತ್ತಿದ್ದರು. ಒಮ್ಮೆ ಮಗಳ ತೊಟ್ಟಿಲ ಹತ್ತಿರವೇ ಚೇಳು ಬಿದ್ದಿತು. ಅಂದು ನನ್ನ ಹೆಂಡತಿ, "ಏನರ ಮಾಡ್ರಿ, ಇನ್ನ ಈ ಮನ್ಯಾಗ ನನಗ ನಿದ್ದಿ ಹತ್ತೂದಿಲ್ಲ" ಎಂದಳು. ನಾನು ಸ್ಲ್ಯಾಬಿನ ಮಾತೆತ್ತಿದೆ. ಆ ಕ್ಷಣದಲ್ಲಿಯೇ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. ಅದು ಸಮ್ಮತಿಯೆಂದು ನಾನೆಂದೆ, ಎಚ್ಚರಿಕೆಯೆಂದು ಅವ್ವನೆಂದಳು. ಹಲ್ಲಿಯ ಪಾದಗಳಲ್ಲಿರುವ ಲಕ್ಷಾಂತರ ಸೂಕ್ಷ್ಮ ರೋಮಗಳು ಗೋಡೆಯ ಅಣುಗಳೊಡನೆ ನಂಟು ಬೆಳಸಿ ಅಂಟಿಕೊಳ್ಳುತ್ತವೆ, ಅಲ್ಲಿ ಗೋಂದೂ ಇಲ್ಲ ದೈವವೂ ಇಲ್ಲ, ಎಂದು ವಿಜ್ಞಾನಿಗಳು ಈ ಶತಮಾನದ ಮೊದಲಲ್ಲಿ ಪ್ರಯೋಗದಿಂದ ತೋರಿಸಿದ್ದಾರೆಂದು ನಾನು ವಿವರಿಸಿದೆ. ಅವ್ವ ಎಲ್ಲವನ್ನೂ ಕೇಳಿ, "ಅದs ನೋಡು, ಗ್ವಾಡಿ ಜೋಡಿ ನಂಟು ಅಂದ್ಯಲ್ಲ. ನಿನಗ ಅದು ಇಲ್ಲ" ಎಂದು ಎದ್ದುಹೋದಳು.

ವಾದವನ್ನು ತೀರ್ಮಾನಿಸಿದವಳು ಹೊಳೆ. 2019ರ ಆಗಸ್ಟ್ ತಿಂಗಳಲ್ಲಿ ಘಟ್ಟದ ಮೇಲೆ ಸುರಿದ ಮಳೆಗೆ ಘಟಪ್ರಭೆ, ಮಾರ್ಕಂಡೇಯ ಎರಡೂ ಒಟ್ಟಿಗೆ ಉಕ್ಕಿ ಬಂದು ಗೋಕಾಕದ ತಗ್ಗಿನ ಓಣಿಗಳನ್ನು ಹೊಕ್ಕವು. ನಮ್ಮ ಸೀಮೆಯ ವಿಚಿತ್ರವೇ ಇದು: ತಲೆಯ ಮೇಲೆ ಹನಿಯಿಲ್ಲದಿದ್ದರೂ ಕಾಲ ಕೆಳಗೆ ಪ್ರವಾಹ. ಉಟ್ಟ ಬಟ್ಟೆಯಲ್ಲಿ ಎತ್ತರದ ಜಾಗಕ್ಕೆ ಹೋಗಿ ಕೆಲವು ದಿನ ಕಳೆದು ಮರಳಿದಾಗ, ಹಿಂದಿನ ಗೋಡೆ ಒಂದು ಮಗ್ಗುಲಿಗೆ ಕುಸಿದು ಕುಳಿತಿತ್ತು. ಮಣ್ಣಿನ ಮನೆಗೆ ಬಿಸಿಲಿನ ಭಯವಿಲ್ಲ, ಸುರಿಯುವ ಮಳೆಯ ಭಯವೂ ಅಷ್ಟಿಲ್ಲ. ನಿಂತ ನೀರು ಮಾತ್ರ ಅದರ ಮೃತ್ಯು. ಗೋಡೆಯನ್ನು ಕಟ್ಟಿಸಿದೆವು. 2021ರ ಜುಲೈ ತಿಂಗಳಲ್ಲಿ ಹೊಳೆ ಮತ್ತೆ ಬಂದಿತು. ಗೋಡೆ ಮತ್ತೆ ಬಿರಿಯಿತು. ಈ ಸಲ ತೊಲೆಯೊಂದು ಸರಿದು, ಬೆಳಕಿಂಡಿಯ ಬಿಸಿಲುಕೋಲು ಎಂದಿನ ದಾರಿಯನ್ನು ಬಿಟ್ಟು ಬೇರೆಡೆ ಬೀಳತೊಡಗಿತು. ಅವ್ವ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಕೆಡವು ಹಂಗಾರ. ಕೂಸು ಐತಿ ಮನ್ಯಾಗ" ಎಂದಳು.

ಹೀಗೆ, ಮನೆ ಕೆಡವಿದ್ದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ತಪ್ಪು ನಡೆದದ್ದು ಬೇರೆ ಕಡೆಗೆ.

2022ರ ಏಪ್ರಿಲ್ ತಿಂಗಳಲ್ಲಿ ಗೌಂಡಿಯನ್ನು ಗೊತ್ತುಮಾಡಿದೆ. ಸಿಮೆಂಟು, ಕಬ್ಬಿಣಗಳ ಬೆಲೆ ವಾರವಾರಕ್ಕೂ ಏರುತ್ತಿದ್ದ ಕಾಲ. ಮಳೆಗೆ ಮೊದಲು ಸ್ಲ್ಯಾಬು ಬೀಳಬೇಕು. ಬ್ಯಾಂಕಿನ ಸಾಲದ ಕಂತು ಆಗಲೇ ಆರಂಭವಾಗಿತ್ತು. ಕೆಡವುವ ಹಿಂದಿನ ದಿನ ಸಾಮಾನುಗಳನ್ನೆಲ್ಲ ಹಿತ್ತಲ ದಿಬ್ಬದ ಮೇಲಿನ ಕೊಟ್ಟಿಗೆಗೆ ಸಾಗಿಸಿಯಾಗಿತ್ತು. ಸಂಜೆ ಅವ್ವ ಬರಿದಾದ ಪಡಸಾಲೆಯಲ್ಲಿ ನಿಂತು, ಮೇಲೆ ನೋಡುತ್ತ ನನ್ನನ್ನು ಕರೆದಳು. ಜಂತಿಯ ಸಂದಿನಲ್ಲಿ ಮರಿಗಳ ಚೀರಾಟ. ಒಂದೆಡೆಯಲ್ಲ, ಮೂರು ನಾಲ್ಕು ಕಡೆ.

"ತಮ್ಮಾ, ಇನ್ನ ಹದಿನೈದ ದಿನಾ ತಡೀ. ಮರಿ ಹಾರಲಿ. ಆಮ್ಯಾಲೆ ಬೇಕಾದ್ದ ಮಾಡು."

ನಾನು ಗೌಂಡಿಯ ಮುಖ ನೋಡಿದೆ. ಅವನು ತಲೆ ಕೆರೆದುಕೊಂಡು, "ತಡದ್ರ ತಡೀಬೌದ್ರಿ ಸರ. ಆದ್ರ ಈ ಮಂದಿ ನಾಳೆ ಬ್ಯಾರೆ ಕೆಲಸಕ್ಕ ಹೋದ್ರ ಮತ್ತ ಯಾವಾಗ ಸಿಗ್ತಾರ ಹೇಳಾಕ ಬರೂದಿಲ್ರಿ" ಎಂದ. ನನ್ನ ಮನಸ್ಸಿನಲ್ಲಿ ಲೆಕ್ಕ ನಡೆಯಿತು: ಹದಿನೈದು ದಿನ, ಆಳುಗಳ ಮುಂಗಡ, ಕಂತು, ಮಳೆ. ಲೆಕ್ಕವೆಲ್ಲ ಸರಿಯಾಗಿಯೇ ಇತ್ತು. ನಾನು ಅವ್ವನಿಗೆ, "ಗುಬ್ಬಿ ಸಲುವಾಗಿ ಯಾರರ ಮನಿ ಕೆಲಸಾ ನಿಲ್ಲಸ್ತಾರೇನವಾ?" ಎಂದೆ.

ಅವಳು ಮರುಮಾತಾಡಲಿಲ್ಲ. ಮರುದಿನ ಸಲಿಕೆ, ಗುದ್ದಲಿಗಳು ಮಾಳಿಗೆಯ ಮೇಲೆ ಬಿದ್ದವು. ನಾನು ಕಾಲೇಜಿಗೆ ಹೋದೆ. ಅಂದು ಪಾಠ ಪಂಪನದು. ಬನವಾಸಿಯಲ್ಲಿ ಮನುಷ್ಯನಾಗಿ ಹುಟ್ಟುವ ಭಾಗ್ಯವಿಲ್ಲದಿದ್ದರೆ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂಬ ಕವಿಯ ಹಂಬಲವನ್ನು ನಾನು ಎಷ್ಟು ತನ್ಮಯತೆಯಿಂದ ವಿವರಿಸಿದೆನೆಂದರೆ, ಹಿಂದಿನ ಬೆಂಚಿನ ಹುಡುಗರೂ ತಲೆಯೆತ್ತಿ ಕೇಳಿದರು. ಸಂಜೆ ಮನೆಗೆ ಬಂದಾಗ ಆಕಾಶ ಪಡಸಾಲೆಗೆ ಇಳಿದಿತ್ತು. ಅವ್ವ ಕೊಟ್ಟಿಗೆಯಲ್ಲಿ ಒಂದು ಮರದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಬುಟ್ಟಿಯಲ್ಲಿ ಹಳೆಯ ಸೀರೆಯ ತುಂಡು; ಅದರ ಮೇಲೆ ಇನ್ನೂ ಪುಕ್ಕ ಮೂಡದ ಐದು ಮರಿಗಳು. ಅವಳು ನೆನೆಸಿದ ಜೋಳದ ಹಿಟ್ಟನ್ನು ಕಡ್ಡಿಯ ತುದಿಯಿಂದ ಅವುಗಳ ಬಾಯಿಗೆ ಹಿಡಿಯುತ್ತಿದ್ದಳು. ಮಗಳು ದೀಪ ಹಿಡಿದಿದ್ದಳು. ದೊಡ್ಡ ಗುಬ್ಬಿಗಳು ಬಯಲಾದ ಗೋಡೆಗಳ ಮೇಲೆ ಕತ್ತಲಾಗುವವರೆಗೂ ಹಾರಾಡುತ್ತಿದ್ದವು.

ಗುಬ್ಬಿ ಕಾಳು ತಿನ್ನುವ ಪಕ್ಷಿಯಾದರೂ ಮರಿಗಳಿಗೆ ಬೇಕಾದದ್ದು ಹುಳುಹುಪ್ಪಟೆ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದು ಬಹಳ ತಡವಾಗಿ. ಮೂರನೆಯ ದಿನದ ಬೆಳಗಿಗೆ ಬುಟ್ಟಿ ನಿಶ್ಶಬ್ದವಾಗಿತ್ತು. ಅವ್ವ ಅವುಗಳನ್ನು ಬೇವಿನ ಬುಡದಲ್ಲಿ ಹುಗಿದು, ಕೈತೊಳೆದುಕೊಂಡು ಬಂದು, ನನಗೆ ಎಂದಿನಂತೆ ಚಹಾ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಮಗಳು ಮಾತ್ರ, "ಅಪ್ಪಾ, ಆಯಿ ಹದಿನೈದ ದಿನಾ ಅಂದಿದ್ಳಲ್ಲಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ, ಶಾಲೆಗೆ ತಡವಾಗುತ್ತದೆಂದು ಗದರಿಸಿದೆ.

ದೀಪಾವಳಿಯ ಹೊತ್ತಿಗೆ ಹೊಸ ಮನೆ ಸಿದ್ಧವಾಯಿತು. ಹೊಳಪಿನ ಫರಸಿ, ಬಿಳಿಯ ಗೋಡೆ, ಕಪ್ಪಿನ ಮೇಲೆ ಕೈ ಮುಚ್ಚದೆ ಚಹಾ ಕುಡಿಯುವ ಸುಖ. ಚಳಿಗಾಲ ಆನಂದವಾಗಿ ಕಳೆಯಿತು. 2023ರ ಮಾರ್ಚ್ ತಿಂಗಳು ಬಂದಿತು. ಆಗ ತಿಳಿಯಿತು, ಸ್ಲ್ಯಾಬೆಂದರೆ ತಲೆಯ ಮೇಲೆ ಹೊತ್ತಿಸಿಟ್ಟ ರೊಟ್ಟಿಯ ಹಂಚೆಂದು. ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿಯೆಲ್ಲ ನಮ್ಮ ಮೇಲೆ ಉಗುಳುತ್ತಿತ್ತು. ಬೀಸಣಿಗೆ ಬಿಸಿಗಾಳಿಯನ್ನೇ ತಿರುತಿರುಗಿಸಿ ಬಡಿಸುತ್ತಿತ್ತು. ರಾಜಾ ಎರಡು ದಿನ ಫರಸಿಯ ಮೇಲೆ ಮಲಗಿ ನೋಡಿ, ಮೂರನೆಯ ದಿನ ಬೇವಿನ ಕೆಳಗೆ ಮಣ್ಣು ಕೆದರಿ ಗುಣಿ ಮಾಡಿಕೊಂಡು, ಅದರಲ್ಲಿ ಹೊಟ್ಟೆಯಿಟ್ಟು ಮಲಗಿದ. ವಾಸ್ತುವಿದ್ಯೆಯನ್ನು ಯಾವ ಶಾಲೆಯಲ್ಲಿಯೂ ಓದದ ಆ ಪ್ರಾಣಿ ಒಂದು ಗುಣಿಯಿಂದ ನನ್ನ ಲಕ್ಷಾಂತರ ರೂಪಾಯಿಗಳ ವಿಮರ್ಶೆಯನ್ನು ಬರೆದು ಮುಗಿಸಿತ್ತು. ಅವ್ವ ತನ್ನ ಹೊರಸನ್ನು ಕೊಟ್ಟಿಗೆಗೆ ಸಾಗಿಸಿದಳು. ಅದೊಂದರ ಮೇಲೆ ಇನ್ನೂ ಮಣ್ಣಿನ ಮಾಳಿಗೆ ಉಳಿದಿತ್ತು. "ನನಗ ಇಲ್ಲೇ ತಂಪು" ಎಂದಳೇ ಹೊರತು ಮತ್ತೇನೂ ಅನ್ನಲಿಲ್ಲ. ಹೊಸ ಮನೆ ಕಟ್ಟಿಸಿ ತಾಯಿಯನ್ನು ದನದ ಕೊಟ್ಟಿಗೆಯಲ್ಲಿ ಮಲಗಿಸಿದವನೆಂಬ ಕೀರ್ತಿ ಓಣಿಯಲ್ಲಿ ನನಗೆ ಬಂದಿತು.

ಶಾಖಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೆಳಗಿನ ಮೌನ. ಹುಟ್ಟಿದಾರಭ್ಯ ಗುಬ್ಬಿಗಳ ಗದ್ದಲಕ್ಕೆ ಎದ್ದವನು ಈಗ ಎಚ್ಚರವಾದ ಮೇಲೂ ಏನೋ ಕಳೆದುಕೊಂಡವನಂತೆ ಮಲಗಿಯೇ ಇರುತ್ತಿದ್ದೆ. ಆ ವರ್ಷ ಮುಂಗಾರು ಕೈಕೊಟ್ಟಿತು. ಸರಕಾರ ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಸಾರಿತು. ಅವ್ವ ಬಾನಿಗೆ ನೀರು ಸುರಿಯುವುದನ್ನು ಬಿಡಲಿಲ್ಲ. ಕಾಗೆ ಬಂತು, ಗೊರವಂಕ ಬಂತು, ಮುಂಗುಸಿ ಹಾಡುಹಗಲೇ ಬಂದು ಕುಡಿದುಹೋಯಿತು. ಗುಬ್ಬಿ ಮಾತ್ರ ಬರಲಿಲ್ಲ.

ಪಾಪಪ್ರಜ್ಞೆಯುಳ್ಳ ಮನುಷ್ಯ ಬಹಳ ಉದ್ಯೋಗಶೀಲನಾಗುತ್ತಾನೆ. ನಾನು ಮೊದಲು ಮಾಳಿಗೆಯ ಮೇಲೆ ಹತ್ತಿದೆ. ಅಹಮದಾಬಾದಿನಲ್ಲಿ 2017ರಿಂದ ಬಡವರ ಮನೆಗಳ ಛಾವಣಿಗೆ ಬಿಳಿಯ ಬಣ್ಣ ಬಳಿದು ಶಾಖವನ್ನು ತಗ್ಗಿಸುವ ಕಾರ್ಯಕ್ರಮ ನಡೆದುದನ್ನು ಓದಿದ್ದೆ. ಅದರಂತೆ ಭಾನುವಾರವೆಲ್ಲ ನಿಂತು ಸ್ಲ್ಯಾಬಿಗೆ ಸುಣ್ಣ ಬಳಿದೆ. ಸ್ಲ್ಯಾಬಿಗಿಂತ ಹೆಚ್ಚಾಗಿ ನನಗೇ ಬಳಿದುಕೊಂಡೆನೆಂದು ಹೆಂಡತಿಯ ಅಭಿಪ್ರಾಯ. ಆದರೆ ಮನೆ ತುಸು ತಣ್ಣಗಾದದ್ದು ಸುಳ್ಳಲ್ಲ. ಪಶ್ಚಿಮದ ಗೋಡೆಗೆ ಹಂದರ ಹಾಕಿ ಹೀರೆಬಳ್ಳಿ, ಅವರೆಬಳ್ಳಿ ಹಬ್ಬಿಸಿದೆ. ಪಾತ್ರೆ ತೊಳೆದ ನೀರನ್ನು ಅವುಗಳ ಬುಡಕ್ಕೆ ತಿರುಗಿಸಿದೆ.

ಆಮೇಲೆ ಗುಬ್ಬಿಗೂಡಿನ ಕೆಲಸ. ಮಾರ್ಚ್ 20ನ್ನು 2010ರಿಂದ ಗುಬ್ಬಿಗಳ ದಿನವೆಂದು ಲೋಕವೆಲ್ಲ ಆಚರಿಸುತ್ತದೆ. 2024ರ ಆ ದಿನ, ಹಳೆಯ ಜಂತಿಯ ತುಂಡುಗಳಿಂದ ಮಗಳೊಡನೆ ಕೂಡಿ ನಾಲ್ಕು ಪೆಟ್ಟಿಗೆಗಳನ್ನು ಮಾಡಿ ಗೋಡೆಗೆ ತೂಗುಹಾಕಿದೆ. ಗೊಂಬೆಗಳ ಊರಿನವರಲ್ಲವೆ, ಮಗಳು ಅವಕ್ಕೆ ಕೆಂಪು ಹಳದಿ ಬಣ್ಣವನ್ನೂ ಬಳಿದಳು. ಒಂದರ ಬಾಗಿಲು ದೊಡ್ಡದಾಗಿ ಗೊರವಂಕ ಅದರೊಳಗೆ ಇಣುಕಿ ಹೋಯಿತು. ಗುಬ್ಬಿಗೆ ಒಂದೂಕಾಲು ಅಂಗುಲದ ಬಾಗಿಲು ಸಾಕೆಂದು ಆಮೇಲೆ ತಿಳಿಯಿತು. ಇನ್ನೊಂದು ಪಡುವಣ ಬಿಸಿಲಿಗೆ ಮುಖಮಾಡಿ ಒಲೆಯಾಯಿತು. ಮೂರನೆಯದನ್ನು ಬೆಕ್ಕು ಕೈಯಿಟ್ಟು ಪರೀಕ್ಷಿಸಿತು. ನಾಲ್ಕನೆಯದು ಎಲ್ಲ ಲಕ್ಷಣಗಳಿಂದ ಕೂಡಿ ಖಾಲಿ ಉಳಿಯಿತು. ಕಾಲೇಜಿನಲ್ಲಿ ಮಿತ್ರರು, "ಮನೆ ಬಾಡಿಗೆಗೆ ಇದೆ ಎಂದು ಹಲಗೆ ಬರೆದು ಹಾಕಿದಿರಾ?" ಎಂದು ಕೇಳತೊಡಗಿದರು.

ಅವ್ವ ಒಂದು ಸಂಜೆ ನನ್ನ ಪಾಡನ್ನು ನೋಡಲಾರದೆ ಬಾಯಿಬಿಟ್ಟಳು. "ಅವಕ್ಕ ಮನಿ ಕಟ್ಟೂದ ನೀ ಕಲಸ್ತೀ ಏನೋ? ಕಾಳ ಹಾಕು, ನೀರ ಇಡು, ಸುಮ್ಮ ಕುಂದ್ರು. ನಂಬಿಗಿ ಬಂದ್ರ ಬರ್ತಾವ."

ಸುಮ್ಮನೆ ಕುಳಿತುಕೊಳ್ಳುವುದು ಅಧ್ಯಾಪಕರಿಗೆ ಕಷ್ಟದ ವಿದ್ಯೆ. ಆದರೂ ಕುಳಿತೆ. ಆ ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ಧೂಪದಾಳಕ್ಕೆ ಹೋಗಿದ್ದೆ. ಅಲ್ಲಿಯ ಒಡ್ಡಿನ ಹಿನ್ನೀರೇ 1974ರಲ್ಲಿ ಘೋಷಿತವಾದ ಘಟಪ್ರಭಾ ಪಕ್ಷಿಧಾಮ. ಬೂದು ಬಣ್ಣದ ಸಣ್ಣ ಕ್ರೌಂಚಗಳು ಮಧ್ಯ ಏಷ್ಯದಿಂದ ಹಿಮಾಲಯವನ್ನು ದಾಟಿ ಚಳಿಗಾಲ ಕಳೆಯಲು ಇಂಥ ನೀರುಗಳಿಗೆ ಬರುತ್ತವೆ. ಅದೇ ಜಾತಿಯ ಹಕ್ಕಿಗಳು ರಾಜಸ್ಥಾನದ ಮರುಭೂಮಿಯಲ್ಲಿ, ಫಲೋದಿಯ ಹತ್ತಿರದ ಖೀಚನ್ ಎಂಬ ಹಳ್ಳಿಯಲ್ಲಿ, ಸಾವಿರಾರು ಸಂಖ್ಯೆಯಲ್ಲಿ ಇಳಿಯುತ್ತವೆ. ಮಳೆಯೇ ಅಪರೂಪವಾದ ಆ ಹಳ್ಳಿಯ ಜನ ದಿನವೂ ಬೆಳಗಿನಲ್ಲಿ ಅವಕ್ಕೆಂದೇ ಬೇಲಿ ಕಟ್ಟಿದ ಅಂಗಳದಲ್ಲಿ ಕಾಳು ಚೆಲ್ಲುತ್ತಾರೆ. ಯಾರೋ ಒಬ್ಬರು ಆರಂಭಿಸಿದ ಈ ಕೆಲಸ ಊರಿನ ವ್ರತವಾಗಿ ನಡೆದುಬಂದಿದೆ. 2025ರ ಜೂನ್ ತಿಂಗಳಲ್ಲಿ ಆ ಜಾಗ ಲೋಕಮಾನ್ಯ ಜಲಭೂಮಿಗಳ ರಾಮ್ಸಾರ್ ಪಟ್ಟಿಯನ್ನೂ ಸೇರಿತು. ಹಿಮಾಲಯವನ್ನು ದಾಟಬಲ್ಲ ಹಕ್ಕಿ ಎಲ್ಲಿಗೆ ಬೇಕಾದರೂ ಹೋಗಬಹುದು. ಅದು ಬರಡು ನೆಲದ ಒಂದು ಹಳ್ಳಿಯನ್ನು ನಂಬಿ ವರ್ಷವರ್ಷವೂ ಬರುತ್ತದೆ. ನಂಬಿಕೆಯೆಂಬುದು ಕಾಳಿನಂತೆ ಒಂದು ದಿನದಲ್ಲಿ ಚೆಲ್ಲುವಂಥದಲ್ಲ. ನಮ್ಮ ಮನೆಯಲ್ಲಿ ಅದು ಮೂರು ತಲೆಮಾರು ಕೂಡಿಟ್ಟ ಗಂಟಾಗಿತ್ತು. ನಾನು ಒಂದು ಬೆಳಗಿನಲ್ಲಿ ಕರಗಿಸಿದ್ದೆ.

2025ರ ಯುಗಾದಿ ಮುಗಿದು ಒಂದು ವಾರವಾಗಿತ್ತು. ಉತ್ತರದ ಗೋಡೆಯಲ್ಲಿ, ಕಿಟಕಿಯ ಮೇಲುಗಡೆ, ಮನೆ ಕಟ್ಟುವಾಗ ಗೌಂಡಿಗಳು ನಿಲ್ಲುವ ಅಟ್ಟಣೆಗೆ ಗಳ ತೂರಿಸಿದ್ದ ತೂತೊಂದು ಹಾಗೆಯೇ ಉಳಿದಿತ್ತು. ಅದನ್ನು ಮುಚ್ಚೆಂದು ನಾನು ಗೌಂಡಿಗೆ ಎಷ್ಟು ಸಲ ಹೇಳಿದ್ದೆನೋ! ಪ್ರತಿ ಸಲವೂ, "ಬರ್ತೀನ್ರಿ ಸರ, ನಾಳೆ" ಎನ್ನುತ್ತಿದ್ದ. ಆ ನಾಳೆಗೆ ಎರಡೂವರೆ ವರ್ಷ ತುಂಬಿತ್ತು. ಒಂದು ಬೆಳಗ್ಗೆ ನೋಡುತ್ತೇನೆ: ಆ ತೂತಿನಿಂದ ಹುಲ್ಲಿನ ಎಳೆಯೊಂದು ಹೊರಗೆ ಜೋತುಬಿದ್ದಿದೆ. ಸ್ವಲ್ಪ ಹೊತ್ತಿಗೆ ಕೊರಳಲ್ಲಿ ಕಪ್ಪು ಪಟ್ಟಿಯ ಗಂಡುಗುಬ್ಬಿಯೊಂದು ಬಾಯಲ್ಲಿ ಅವ್ವನ ಕಸಬರಿಗೆಯ ಕಡ್ಡಿ ಹಿಡಿದು ಬಂದು ಒಳಗೆ ನುಸುಳಿತು. ನಾಲ್ಕು ಬಣ್ಣದ ಪೆಟ್ಟಿಗೆಗಳನ್ನು ಕಣ್ಣೆತ್ತಿಯೂ ನೋಡದೆ, ಗೌಂಡಿಯ ಮರೆವನ್ನು ಅದು ಮನೆ ಮಾಡಿಕೊಂಡಿತ್ತು. ನಾನು ಹಲ್ಲುಜ್ಜುವ ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡೇ ಕೊಟ್ಟಿಗೆಗೆ ಓಡಿದೆ. ಅವ್ವ ಬಂದು, ಹಣೆಗೆ ಕೈಹಚ್ಚಿ ನೋಡಿ, "ಹಾಂ" ಎಂದಳು. ಅಷ್ಟೇ.

ಮೂರು ವಾರ ಕಳೆಯಿತು. ಒಳಗಿನಿಂದ ಮರಿಗಳ ಸಣ್ಣ ದನಿ ಕೇಳತೊಡಗಿತು. ಅವರೆಯ ಹಂದರದಿಂದ ತಾಯಿತಂದೆಗಳು ಹಸುರು ಹುಳುಗಳನ್ನು ಹೊತ್ತು ತಂದು ತುರುಕುತ್ತಿದ್ದವು. ಅವರೆಯ ಕಾಯಿಗೆ ಹುಳು ಬಿದ್ದಿವೆಯೆಂದು ಔಷಧ ಹೊಡೆಯಲು ಹೊರಟಿದ್ದ ನನ್ನ ಕೈಯನ್ನು ಮಗಳು ಹಿಡಿದಳು. ಸರಿಯಾಗಿ ಅದೇ ವಾರ, ಎರಡೂವರೆ ವರ್ಷ ಮುಖ ತೋರಿಸದ ಗೌಂಡಿ ಒಂದು ಬೆಳಗ್ಗೆ ಸಿಮೆಂಟಿನ ಬುಟ್ಟಿ, ಏಣಿ, ಇಬ್ಬರು ಆಳುಗಳೊಡನೆ ಬಂದು ಬಾಗಿಲಲ್ಲಿ ನಿಂತ.

"ಸರ, ಮಳಿಗಾಲ ಬಂತ್ರಿ. ಆ ತೂತು ಮುಚ್ಚಿಬಿಡ್ತೀನಿ. ಇವತ್ತು ಬಿಟ್ರ ಮತ್ತ ನನಗ ಯಾವಾಗ ಆಗ್ತೈತೋ ಹೇಳಾಕ ಬರೂದಿಲ್ಲ."

ಅವ್ವ ಬಾನಿಯ ಹತ್ತಿರ ಕೊಡ ಹಿಡಿದು ನಿಂತಿದ್ದಳು. ಅವಳು ನಮ್ಮ ಕಡೆಗೆ ತಿರುಗಲಿಲ್ಲ. ನೀರು ಸುರಿಯುವ ಸದ್ದು ಮಾತ್ರ ನಿಂತಿತು.

"ಇನ್ನ ಹದಿನೈದ ದಿನಾ ತಡೀರಿ," ಎಂದೆ. "ಮರಿ ಹಾರಲಿ."

ಗೌಂಡಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಗುಬ್ಬಿ ಸಲುವಾಗೇನ್ರಿ ಸರ?"

"ಹೌದು. ಇವತ್ತಿನ ಆಳಿನ ಪಗಾರ ನಾ ಕೊಡ್ತೀನಿ."

ಅವನು ನಕ್ಕು, ಪಗಾರ ಬೇಡವೆಂದು ಕೈಯಾಡಿಸಿ, ಏಣಿ ಎತ್ತಿಸಿಕೊಂಡು ಹೋದ. ಬಾನಿಗೆ ನೀರು ಸುರಿಯುವ ಸದ್ದು ಮತ್ತೆ ಕೇಳಿಸಿತು. ಇದರಿಂದ ಹಳೆಯ ಲೆಕ್ಕ ಚುಕ್ತವಾಯಿತೆಂದು ನಾನು ಭಾವಿಸಿಲ್ಲ. ಬೇವಿನ ಬುಡದಲ್ಲಿರುವ ಐದನ್ನು ಯಾವ ಹದಿನೈದು ದಿನಗಳೂ ಎಬ್ಬಿಸಲಾರವು.

ಮರಿಗಳು ಹಾರಿದವು. ಗೌಂಡಿ ಮತ್ತೆ ಬರಲಿಲ್ಲ. ಅವನ ಆ ದೋಷಕ್ಕಾಗಿ ನಾನು ಅವನಿಗೆ ಚಿರಋಣಿ. ಮಳೆಗಾಲದಲ್ಲಿ ಆ ಗೋಡೆಗೆ ತುಸು ತೇವ ಹಿಡಿಯಿತು, ಬಣ್ಣ ಉದುರಿತು. ಹೆಂಡತಿ ಅಲ್ಲಿ ಒಂದು ಕ್ಯಾಲೆಂಡರನ್ನು ತೂಗುಹಾಕಿ ಸಮಸ್ಯೆಯನ್ನು ಪರಿಹರಿಸಿದಳು. ಅವ್ವನ ಹೊರಸು ಬೇಸಗೆಯಲ್ಲಿ ಈಗಲೂ ಕೊಟ್ಟಿಗೆಗೇ ಹೋಗುತ್ತದೆ. ಆದರೆ ಈಚೆಗೆ ಅದರ ಪಕ್ಕದಲ್ಲಿ ನನ್ನದೂ ಒಂದು ಬಿದ್ದಿರುತ್ತದೆ. ಕೊಟ್ಟಿಗೆಯ ಮಾಳಿಗೆಗೆ ಮೃಗಶಿರಕ್ಕೆ ಮೊದಲು ನಾನೇ ಸವಳು ಮಣ್ಣು ಹೊತ್ತು ಹಾಕುವುದನ್ನು ಕಲಿತಿದ್ದೇನೆ.

ಮೊನ್ನೆ ಕಿಟಕಿಯ ಹೊರಗೆ ಕುರ್ಚಿ ಹಾಕಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಪಂಪನನ್ನು ಕುರಿತ ಒಂದು ಒಳ್ಳೆಯ ಉತ್ತರಕ್ಕೆ ಅಂಕ ಹಾಕಬೇಕೆನ್ನುವಷ್ಟರಲ್ಲಿ ಮೇಲಿನಿಂದ ಹಾಳೆಯ ಮೇಲೆ ಟಪ್ಪೆಂದು ಬಿದ್ದಿತು. ಕತ್ತೆತ್ತಿ ನೋಡಿದೆ. ತೂತಿನ ಬಾಯಲ್ಲಿ ಗುಬ್ಬಿಯೊಂದು ತನಗೇನೂ ಸಂಬಂಧವಿಲ್ಲವೆಂಬಂತೆ 'ಚಿಂವ್' ಎಂದಿತು. ಕೊಟ್ಟಿಗೆಯ ಬಾಗಿಲಲ್ಲಿ ಕಾಳು ಹಸನು ಮಾಡುತ್ತಿದ್ದ ಅವ್ವ ಮೊರದಿಂದ ತಲೆಯೆತ್ತಲೂ ಇಲ್ಲ. ಆದರೆ ಮೂರು ವರ್ಷಗಳ ಮೇಲೆ ಆ ಮಾತನ್ನು ಕೇಳಿದೆ:

"ಬಾಡಿಗಿ ಬಂತ ನೋಡು ತಮ್ಮಾ. ಬರಕೋ."